ಮನೆತನದ ವ್ಯಾಪಾರ ಕಡಲು ದಾಟಿದ ಬಗೆ

ಅಂಗಡಿಯ ಹಲಗೆಯ ಮೇಲೆ ಯಜಮಾನನ ಹೆಸರಿನ ಮುಂದೆ 'ಅಂಡ್ ಸನ್ಸ್' ಎಂದು ಬರೆದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. 'ಸಹೋದರರು' ಎಂದು ಬರೆಸುವವರೂ ಉಂಟು. ಇಂದು ಕೊಂಡ ಸರಕಿಗೆ ನಾಳೆ ಹೊಣೆ ಹೊರುವವರು ಇದೇ ಬಾಗಿಲಿನಲ್ಲಿ ಸಿಗುತ್ತಾರೆ ಎಂಬ ಭರವಸೆಯನ್ನು ಆ ಮಾತು ಗಿರಾಕಿಗೆ ಕೊಡುತ್ತದೆ. ಲೋಕದ ವ್ಯಾಪಾರದಲ್ಲಿ ದೊಡ್ಡದೊಂದು ಪಾಲು ಇಂದಿಗೂ ಇಂಥ ಮನೆತನಗಳ ಕೈಯಲ್ಲಿಯೇ ನಡೆಯುತ್ತಿದೆ. ಇದರ ಬಲ ನಮಗೆ ತಿಳಿದಿರುವಂತೆಯೇ ಇದಕ್ಕೆ ತಗಲುವ ರೋಗವೂ ತಿಳಿದದ್ದೇ. ಅಜ್ಜ ಗಳಿಸಿದ್ದನ್ನು ಅಪ್ಪ ಉಳಿಸಿ ಮೊಮ್ಮಗ ಕರಗಿಸಿದ ಕಥೆ ಯಾವ ಊರಿನಲ್ಲಿಲ್ಲ? ಅಣ್ಣತಮ್ಮಂದಿರ ಪಾಲುಪಾರೀಕತ್ತಿನಲ್ಲಿ ಒಂದು ಅಂಗಡಿ ಮೂರಾಗಿ, ಮೂರೂ ಬಾಗಿಲು ಮುಚ್ಚಿದ ಸಂಗತಿಯನ್ನು ಕೇಳದವರು ಯಾರು?

ಸ್ವಂತ ಊರಿನಲ್ಲಿ ಸಂಸಾರದ ವ್ಯಾಪಾರಕ್ಕೆ ಅನುಕೂಲಗಳು ಹಲವು. ತಂದೆಯ ಹೆಸರೇ ಜಾಮೀನು. ಬ್ಯಾಂಕಿನವರಿಗೆ ಮನೆ ಗೊತ್ತು, ಸರಕು ಕೊಡುವವನಿಗೆ ಮಾತು ಗೊತ್ತು. ಲಾಭವನ್ನು ಈ ವರ್ಷವೇ ಹಂಚಬೇಕೆಂದು ಹಟ ಹಿಡಿಯುವ ಪರಕೀಯ ಪಾಲುದಾರನಿಲ್ಲವಾದುದರಿಂದ ಹತ್ತು ವರ್ಷ ಮುಂದಿನದನ್ನು ಯೋಚಿಸಲು ಬಿಡುವುಂಟು. ಆದರೆ ಕಡಲು ದಾಟಿದೊಡನೆ ತಂದೆಯ ಹೆಸರಿಗೆ ಬೆಲೆಯಿಲ್ಲ. ಅಲ್ಲಿಯ ನಾಲಿಗೆಯ ರುಚಿ ಬೇರೆ, ಕಾನೂನು ಬೇರೆ, ಭಾಷೆ ಬೇರೆ. ಯಜಮಾನನ ಕಣ್ಣು ಅಷ್ಟು ದೂರ ಹಾಯದು. ಬಂಡವಾಳವಾದರೋ ಮನೆಯವರ ಕೈಯಲ್ಲಿ ಇರುವಷ್ಟೇ. ಹೀಗಿರುವಾಗ ಒಂದು ಮನೆತನ ಪರದೇಶದ ಪೇಟೆಗೆ ಹೋಗಿ ಅಲ್ಲಿಯ ದೊಡ್ಡ ಕಂಪನಿಗಳ ಎದುರು ನಿಂತು ಗೆಲ್ಲುವುದು ಹೇಗೆ?

ಇದಕ್ಕೆ ಪುಸ್ತಕದ ಸೂತ್ರಗಳನ್ನು ಹೇಳುವುದಕ್ಕಿಂತ ಒಂದು ನಿಜವಾದ ನಿದರ್ಶನವನ್ನು ಆದಿಯಿಂದ ನೋಡುವುದು ಮೇಲು. ನಿದರ್ಶನ ಜಪಾನಿನದು, ನೋಡಾ ಎಂಬ ಊರಿನ ಎಂಟು ಮನೆಗಳದು. ಆ ಮನೆಗಳು ತಯಾರಿಸಿದ್ದು ಸೋಯಾ ಸಾಸ್; ಅವರ ಕಂಪನಿಯ ಹೆಸರು ಕಿಕ್ಕೋಮನ್.

ನೋಡಾ ಇರುವುದು ಟೋಕಿಯೋ ನಗರದ ಉತ್ತರಕ್ಕೆ, ಚಿಬಾ ಪ್ರಾಂತದಲ್ಲಿ, ಎಡೋ ಮತ್ತು ತೋನೆ ಎಂಬ ಎರಡು ನದಿಗಳ ನಡುವೆ. ಟೋಕಿಯೋವಿನ ಹಳೆಯ ಹೆಸರು ಎಡೋ. ಹದಿನೇಳನೆಯ ಶತಮಾನದಲ್ಲಿ ಎಡೋ ಬೆಳೆದು ದೊಡ್ಡ ಪಟ್ಟಣವಾದಾಗ ಅದರ ಅಡುಗೆಮನೆಗಳಿಗೆ ಬೇಕಾದ ವಸ್ತುಗಳನ್ನು ಸುತ್ತಲಿನ ಊರುಗಳು ಒದಗಿಸತೊಡಗಿದವು. ನೋಡಾದ ಸುತ್ತಲಿನ ಬಯಲಿನಲ್ಲಿ ಸೋಯಾ ಅವರೆಯೂ ಗೋಧಿಯೂ ಬೆಳೆಯುತ್ತಿದ್ದವು. ಎಡೋ ಕೊಲ್ಲಿಯ ದಂಡೆಯಿಂದ ಉಪ್ಪು ಬರುತ್ತಿತ್ತು. ತಯಾರಾದ ಸರಕನ್ನು ದೋಣಿಯಲ್ಲಿಟ್ಟರೆ ನದಿಯೇ ಅದನ್ನು ಪಟ್ಟಣಕ್ಕೆ ಮುಟ್ಟಿಸುತ್ತಿತ್ತು. 1661ರ ಸುಮಾರಿಗೆ ತಕನಾಶಿ ಎಂಬ ಮನೆಯವರು ಇಲ್ಲಿ ಸೋಯಾ ರಸವನ್ನು ತಯಾರಿಸತೊಡಗಿದರು. ಮೋಗಿ ಎಂಬ ಇನ್ನೊಂದು ಮನೆತನ ಅವರ ನೆರೆಯಲ್ಲಿಯೇ ಬೆಳೆಯಿತು. ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವೂ ಬೆಳೆಯಿತು.

ಈ ರಸವನ್ನು ಮಾಡುವ ಕ್ರಮವನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ. ಸೋಯಾ ಅವರೆಯನ್ನು ಬೇಯಿಸಿ, ಗೋಧಿಯನ್ನು ಹುರಿದು ನುಚ್ಚುಮಾಡಿ, ಎರಡನ್ನೂ ಬೆರೆಸಿ, ಅದಕ್ಕೆ ಒಂದು ಜಾತಿಯ ಬೂಷ್ಟನ್ನು ಬಿತ್ತುತ್ತಾರೆ. ಬೆಚ್ಚಗಿನ ಕೋಣೆಯಲ್ಲಿ ಮೂರು ದಿನ ಇಟ್ಟರೆ ಆ ಬೂಷ್ಟು ಕಾಳನ್ನೆಲ್ಲ ಆವರಿಸಿಕೊಳ್ಳುತ್ತದೆ. ಇದನ್ನು ಉಪ್ಪುನೀರಿನೊಡನೆ ದೊಡ್ಡ ಪೀಪಾಯಿಗಳಿಗೆ ತುಂಬಿ ಹುದುಗಲು ಬಿಡುತ್ತಾರೆ. ನಮ್ಮ ಮನೆಗಳಲ್ಲಿ ದೋಸೆಯ ಹಿಟ್ಟು ಒಂದು ರಾತ್ರಿಯಲ್ಲಿ ಹುದುಗಿದರೆ ಇದು ತಿಂಗಳುಗಟ್ಟಲೆ ಹುದುಗಬೇಕು; ಹಿಂದಿನ ಕಾಲದಲ್ಲಿ ಒಂದು ವರ್ಷವೂ ಆಗುತ್ತಿತ್ತು. ಬಳಿಕ ಬಟ್ಟೆಯಲ್ಲಿ ಸುತ್ತಿ ಹಿಂಡಿ, ಬಂದ ರಸವನ್ನು ಕಾಯಿಸಿ ಸೀಸೆಗೆ ತುಂಬುತ್ತಾರೆ. ಇದರಿಂದ ವ್ಯಾಪಾರದ ಒಂದು ಗುಟ್ಟು ಗೊತ್ತಾಗುತ್ತದೆ. ಇಂದು ಹಾಕಿದ ಹಣ ಪೀಪಾಯಿಯಲ್ಲಿ ಕುಳಿತು, ಬರುವ ವರ್ಷ ಹಿಂದಿರುಗುತ್ತದೆ. ಅವಸರದವನಿಗೆ ಈ ಕಸುಬು ಒಗ್ಗದು. ಜಮೀನು, ದಾಸ್ತಾನು, ತಾಳ್ಮೆ ಇವು ಮೂರೂ ಉಳ್ಳ ಮನೆತನಕ್ಕೆ ಇದು ಹೇಳಿಮಾಡಿಸಿದ ಕೆಲಸ.

ಮೋಗಿ ವಂಶ ಬೆಳೆದಂತೆ ಕವಲೊಡೆಯಿತು. ಕವಲಿನ ಪ್ರತಿಯೊಂದು ಮನೆಯೂ ತನ್ನದೇ ಪೀಪಾಯಿ, ತನ್ನದೇ ಗುರುತು ಇಟ್ಟುಕೊಂಡು ದಾಯಾದಿಗಳೊಡನೆ ಪೈಪೋಟಿ ನಡೆಸಿತು. ಇವುಗಳ ಪೈಕಿ ಸಾಹೇಜಿ ಶಾಖೆಯ ಗುರುತು ಹೆಸರಾದದ್ದು. ಆರು ಮೂಲೆಯ ಆಮೆಯ ಚಿಪ್ಪು, ಅದರೊಳಗೆ 'ಹತ್ತು ಸಾವಿರ' ಎಂಬ ಅರ್ಥದ ಒಂದು ಅಕ್ಷರ. ಆಮೆ ಹತ್ತು ಸಾವಿರ ವರ್ಷ ಬಾಳುತ್ತದೆ ಎಂಬುದು ಜಪಾನೀಯರ ನಂಬಿಕೆ. 'ಕಿಕ್ಕೋ' ಎಂದರೆ ಆಮೆಯ ಚಿಪ್ಪು. 'ಮನ್' ಎಂದರೆ ಹತ್ತು ಸಾವಿರ.

ಸೋಯಾ ರಸ ಹೊರನಾಡಿಗೆ ಹೋಗುವುದು ಹೊಸದಾಗಿರಲಿಲ್ಲ. ಜಪಾನು ಪರದೇಶೀಯರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿಯೂ ನಾಗಸಾಕಿಯ ಬಂದರಿನಲ್ಲಿದ್ದ ಡಚ್ಚರು ಅದನ್ನು ಹಡಗಿನಲ್ಲಿ ಏಷ್ಯದ ಬೇರೆ ಬಂದರುಗಳಿಗೂ ಯೂರೋಪಿಗೂ ಒಯ್ಯುತ್ತಿದ್ದರು. ಬಾಗಿಲು ತೆರೆದ ಮೇಲೆ ಕಿಕ್ಕೋಮನ್ ಗುರುತಿನ ಸರಕು 1873ರ ವಿಯೆನ್ನಾ ಪ್ರದರ್ಶನಕ್ಕೆ ಹೋಗಿ ಗೌರವ ಪಡೆಯಿತು. 1879ರಲ್ಲಿ ಈ ಗುರುತನ್ನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೋಂದಾಯಿಸಿದರು. ಜಪಾನಿನಲ್ಲಿಯೇ ಆಗ ವ್ಯಾಪಾರದ ಗುರುತಿನ ಕಾಯಿದೆ ಇರಲಿಲ್ಲ. ಅದು ಬಂದದ್ದು 1884ರಲ್ಲಿ. ಇಷ್ಟಾದರೂ ಅಂದಿನ ರಫ್ತನ್ನು ಪರದೇಶದ ವ್ಯಾಪಾರವೆಂದು ಕರೆಯುವುದು ಕಷ್ಟ. ಹವಾಯಿ, ಕ್ಯಾಲಿಫೋರ್ನಿಯಗಳ ಹೊಲಗಳಿಗೆ ಕೂಲಿಗೆ ಹೋದ ಜಪಾನೀಯರೇ ಅದನ್ನು ಕೊಳ್ಳುತ್ತಿದ್ದರು. ಸರಕು ಕಡಲು ದಾಟಿತ್ತು. ಗಿರಾಕಿ ಮಾತ್ರ ತಮ್ಮವನೇ. ಎಷ್ಟೋ ಮನೆತನಗಳ ರಫ್ತು ಇಲ್ಲಿಗೇ ನಿಂತುಬಿಡುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ನೋಡಾದವರು ಇಲ್ಲಿಗೇ ನಿಲ್ಲದೆ ಮುಂದೆ ಹೋದದ್ದಕ್ಕೆ ಕಾರಣ ಮೊದಲು ಮನೆಯೊಳಗೆ ಆದ ಬದಲಾವಣೆ. ದಾಯಾದಿಗಳ ಪೈಪೋಟಿಯಿಂದ ಬೆಲೆ ಇಳಿಯುತ್ತಿತ್ತು, ಕಾಳಿನ ಬೆಲೆ ಏರುತ್ತಿತ್ತು. ತೋನೆ ನದಿಯ ಮುಖದಲ್ಲಿದ್ದ ಚೋಶಿ ಎಂಬ ಊರಿನಲ್ಲಿ ಯಮಾಸಾ ಮೊದಲಾದ ಬೇರೆ ಮನೆತನಗಳ ಬಲವಾದ ಕಾರ್ಖಾನೆಗಳಿದ್ದವು. ನೋಡಾದ ತಯಾರಕರು 1887ರಲ್ಲಿ ಒಂದು ಸಂಘ ಕಟ್ಟಿಕೊಂಡು ಕಾಳಿನ ಖರೀದಿ, ಕೂಲಿಯ ದರ ಮುಂತಾದವುಗಳಲ್ಲಿ ಒಮ್ಮತಕ್ಕೆ ಬಂದರು. ಮೂವತ್ತು ವರ್ಷ ಹೀಗೆ ಕಳೆದ ಮೇಲೆ, 1917ರ ಡಿಸೆಂಬರಿನಲ್ಲಿ ಮೋಗಿ ವಂಶದ ಕವಲುಗಳು, ತಕನಾಶಿ ಮನೆ, ಹತ್ತಿರದ ನಾಗರೆಯಾಮದ ಹೋರಿಕಿರಿ ಮನೆ, ಹೀಗೆ ಎಂಟು ಮನೆಗಳು ಕೂಡಿ 'ನೋಡಾ ಶೋಯು' ಎಂಬ ಒಂದೇ ಕಂಪನಿಯಾದವು. ಎಲ್ಲರ ಬಳಿ ಸೇರಿ ಇನ್ನೂರಕ್ಕೂ ಹೆಚ್ಚು ಗುರುತುಗಳಿದ್ದವು. ಅವುಗಳನ್ನು ಕ್ರಮೇಣ ಕೈಬಿಟ್ಟು ಆಮೆಯ ಚಿಪ್ಪಿನ ಒಂದು ಗುರುತನ್ನು ಉಳಿಸಿಕೊಂಡರು.

ಇದು ಹೇಳಿದಷ್ಟು ಸುಲಭವಲ್ಲ. ಅಜ್ಜನ ಕಾಲದಿಂದ ಬಾಗಿಲ ಮೇಲಿದ್ದ ಹೆಸರನ್ನು ಇಳಿಸಿ, ದಾಯಾದಿಯ ಹೆಸರಿನಲ್ಲಿ ತನ್ನ ಸರಕನ್ನು ಮಾರಲು ಒಪ್ಪಬೇಕಾದರೆ ಎದೆ ಗಟ್ಟಿಯಿರಬೇಕು. ಆದರೆ ಹಾಗೆ ಒಪ್ಪಿದ್ದರಿಂದಲೇ ಎಂಟು ಸಣ್ಣ ಮನೆಗಳಿಂದ ಆಗದಿದ್ದ ಕೆಲಸಗಳು ಒಂದು ದೊಡ್ಡ ಮನೆಯಿಂದ ಆದವು. ಹೊಸ ಯಂತ್ರ, ಪ್ರಯೋಗಶಾಲೆ, ದೇಶದ ಮೂಲೆಮೂಲೆಗೂ ಒಂದೇ ಗುಣದ ಸರಕು, ಇವಕ್ಕೆಲ್ಲ ಬೇಕಾದ ಬಂಡವಾಳ ಒಂದೆಡೆ ಸೇರಿತು.

ಹೊಸ ಕಂಪನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ದೊಡ್ಡ ಪರೀಕ್ಷೆ ಬಂತು. ಹಳೆಯ ಕಾಲದಲ್ಲಿ ಯಜಮಾನನಿಗೂ ಆಳುಗಳಿಗೂ ನಡುವೆ ಮೇಸ್ತ್ರಿಗಳಿದ್ದರು. ಆಳುಗಳನ್ನು ಕರೆತರುವುದು, ದುಡಿಸುವುದು ಅವರ ಕೆಲಸ. ಮನೆಯ ಯಜಮಾನ ಹಬ್ಬಕ್ಕೆ ಬಟ್ಟೆ ಕೊಟ್ಟು, ಕಷ್ಟಕ್ಕೆ ಸಾಲ ಕೊಟ್ಟು 'ನೀವೆಲ್ಲ ನಮ್ಮ ಮನೆಯವರೇ' ಎನ್ನುವ ಕಾಲ ಅದು. ಕಾರ್ಖಾನೆ ದೊಡ್ಡದಾದಾಗ ಆ ಮಾತು ಬರಿಯ ಮಾತಾಯಿತು. 1927ರ ಸೆಪ್ಟೆಂಬರ್ 16ರಂದು ಕೆಲಸಗಾರರು ಕೂಲಿ ಹೆಚ್ಚಳ ಮೊದಲಾದ ಬೇಡಿಕೆಗಳನ್ನು ಮುಂದಿಟ್ಟು ಮುಷ್ಕರ ಹೂಡಿದರು. ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟರು. ಕಂಪನಿ ಮಣಿಯಲಿಲ್ಲ, ಹೊರಗಿನಿಂದ ಜನ ತಂದು ಕೆಲಸ ನಡೆಸಿತು. ಊರು ಎರಡಾಯಿತು. 1928ರ ಮಾರ್ಚಿಯಲ್ಲಿ ಮುಷ್ಕರಗಾರರ ಪೈಕಿ ಒಬ್ಬನು ಸಾಕ್ಷಾತ್ ಚಕ್ರವರ್ತಿಗೇ ಮನವಿ ಒಪ್ಪಿಸಲು ಹೋದಾಗ ದೇಶವೇ ಬೆರಗಾಯಿತು. ಮುಷ್ಕರ ಮುಗಿದದ್ದು ಏಪ್ರಿಲ್ 20ರಂದು, 218 ದಿನಗಳ ಮೇಲೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಜಪಾನಿನಲ್ಲಿ ಇಷ್ಟು ದೀರ್ಘವಾದ ಮುಷ್ಕರ ಮತ್ತೊಂದಿಲ್ಲ.

ಕಂಪನಿ ಗೆದ್ದಿತು ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯಬಹುದು. ಕೆಲಸಗಾರರ ಸಂಘ ಮುರಿಯಿತು; ನೂರಾರು ಸಂಸಾರಗಳು ಅನ್ನ ಕಳೆದುಕೊಂಡವು. ತಲೆತಲಾಂತರದಿಂದ ಒಂದೇ ಊರಿನಲ್ಲಿ ಬಾಳಿದವರ ನಡುವೆ ಬಿದ್ದ ಬಿರುಕು ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಎಂಟು ಮನೆಗಳವರು ಇದನ್ನು ಮರೆಯಲಾರದೆ ಹೋದರು. ಕಾರ್ಖಾನೆ ಇರುವ ಊರಿನ ಒಲವಿಲ್ಲದೆ ಕಾರ್ಖಾನೆ ಬಾಳದು ಎಂಬುದನ್ನು ಬಹು ದುಬಾರಿ ಬೆಲೆ ತೆತ್ತು ಅವರು ಕಲಿಯಬೇಕಾಯಿತು. ಈ ಪಾಠ ಮುಂದೆ ಬೇರೊಂದು ಖಂಡದಲ್ಲಿ ಉಪಯೋಗಕ್ಕೆ ಬಂದುದನ್ನು ನೋಡಲಿದ್ದೇವೆ.

ಯುದ್ಧದೊಡನೆ ಕೊರಿಯ, ಮಂಚೂರಿಯಗಳಲ್ಲಿದ್ದ ಕಾರ್ಖಾನೆಗಳು ಹೋದವು. ಸೋತ ಜಪಾನಿನಲ್ಲಿ ತಿನ್ನಲು ಕಾಳಿಲ್ಲದಿರುವಾಗ ಹುದುಗಿಸಲು ಎಲ್ಲಿಂದ ತರಬೇಕು? ತಿಂಗಳುಗಟ್ಟಲೆ ಕಾಯದೆ ಆಮ್ಲದಿಂದ ಕೆಲವೇ ದಿನಗಳಲ್ಲಿ ಸೋಯಾ ರಸದಂಥದನ್ನು ಮಾಡುವ ರಾಸಾಯನಿಕ ವಿಧಾನ ಇತ್ತು. ಆಡಳಿತ ನಡೆಸುತ್ತಿದ್ದ ಅಮೆರಿಕದ ಅಧಿಕಾರಿಗಳು ಅದರ ಕಡೆಗೇ ಒಲಿದರು. 1948ರಲ್ಲಿ ನೋಡಾದ ತಂತ್ರಜ್ಞರು, ಕಾಳಿನ ಸತ್ವ ಪೋಲಾಗದಂತೆ ಕಡಿಮೆ ಸಮಯದಲ್ಲಿ ಹುದುಗಿಸುವ ಒಂದು ನಡುದಾರಿಯನ್ನು ಕಂಡುಹಿಡಿದರು. ಅದರ ಹಕ್ಕನ್ನು ಕಂಪನಿ ತಾನೊಂದೇ ಇಟ್ಟುಕೊಳ್ಳದೆ, ಪ್ರತಿಸ್ಪರ್ಧಿಗಳಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಇದು ಬರಿಯ ಔದಾರ್ಯವಲ್ಲ, ದೂರದೃಷ್ಟಿಯೂ ಹೌದು. ಹುದುಗಿಸಿದ ರಸದ ರುಚಿಯನ್ನೇ ದೇಶ ಮರೆತುಬಿಟ್ಟಿದ್ದರೆ ಅದನ್ನು ತಯಾರಿಸುವ ಮನೆತನ ಬದುಕಿ ಫಲವೇನು?

ಇಲ್ಲಿ ಆ ಮನೆಗಳ ಒಂದು ಕಟ್ಟಳೆಯನ್ನು ಹೇಳಬೇಕು. ಒಂದು ತಲೆಮಾರಿನಲ್ಲಿ ಒಂದು ಮನೆಯಿಂದ ಒಬ್ಬನು ಮಾತ್ರ ಕಂಪನಿಗೆ ಸೇರಬಹುದು. ಅವನ ಅಣ್ಣತಮ್ಮಂದಿರು ಬೇರೆ ಉದ್ಯೋಗ ನೋಡಿಕೊಳ್ಳಬೇಕು. ಸೇರಿದವನಿಗೂ ಮೇಲಿನ ಪದವಿ ಖಾತರಿಯಿಲ್ಲ. ಯೋಗ್ಯತೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಇದರ ಫಲವನ್ನು ಯೋಚಿಸಿ. ಕುರ್ಚಿಗಾಗಿ ಮಕ್ಕಳ ಸಾಲು ನಿಲ್ಲುವುದಿಲ್ಲ. ಎಂಟು ಮನೆಗಳಿರುವುದರಿಂದ ಒಂದು ಮನೆಯ ಹುಡುಗ ಅಸಮರ್ಥನಾದರೆ ಇನ್ನೊಂದು ಮನೆಯವನು ಮುಂದೆ ಬರುತ್ತಾನೆ. ಹೊರಗಿನಿಂದ ಬಂದ ಜಾಣನಿಗೂ 'ಎಷ್ಟು ದುಡಿದರೂ ಮೇಲಿನ ಜಾಗವೆಲ್ಲ ಮನೆಯವರಿಗೇ' ಎಂಬ ನಿರಾಶೆಯಿಲ್ಲ. ಜಪಾನಿನ ವರ್ತಕ ಮನೆಗಳಲ್ಲಿ ಇದಕ್ಕೆ ಸಮನಾದ ಇನ್ನೊಂದು ಹಳೆಯ ಪದ್ಧತಿಯೂ ಉಂಟು. ಮಗನಿಲ್ಲದಿದ್ದರೆ, ಮಗನಿದ್ದೂ ಕೆಲಸಕ್ಕೆ ಬಾರದಿದ್ದರೆ, ಸಮರ್ಥನಾದ ತರುಣನಿಗೆ ಮಗಳನ್ನು ಕೊಟ್ಟು ಅವನನ್ನೇ ದತ್ತುವಾಗಿ ಪಡೆದು ಮನೆಯ ಹೆಸರು ಕೊಡುತ್ತಾರೆ. ಮನೆ ಅಳಿಯತನವನ್ನು ನಗೆಯ ವಿಷಯ ಮಾಡಿಕೊಂಡಿರುವ ನಮಗೆ ಇದು ವಿಚಿತ್ರವಾಗಿ ಕಂಡೀತು. ರಕ್ತಕ್ಕಿಂತ ಮನೆ ದೊಡ್ಡದು ಎಂಬ ಭಾವನೆ ಅದರ ಹಿಂದಿದೆ.

ಇನ್ನು ಕಡಲಿನ ಆಚೆಗೆ ಬರೋಣ. ಯುದ್ಧಾನಂತರ ಜಪಾನಿನಲ್ಲಿ ನೆಲಸಿದ್ದ ಅಮೆರಿಕದ ಸಿಪಾಯಿಗಳೂ ಅಧಿಕಾರಿಗಳೂ ಪತ್ರಿಕೋದ್ಯೋಗಿಗಳೂ ಸೋಯಾ ಸಾಸನ್ನು ತಮ್ಮ ಮಾಂಸದಡಿಗೆಗೆ ಹಾಕಿಕೊಂಡು ತಿನ್ನುವುದನ್ನು ಕಂಪನಿಯವರು ಗಮನಿಸಿದರು. ಜಪಾನೀ ಅಡಿಗೆ ಬಾರದವನಿಗೂ ಈ ರುಚಿ ಹಿಡಿಸುತ್ತದೆ ಎಂದು ಇದರಿಂದ ತಿಳಿಯಿತು. 1956ರಲ್ಲಿ ಐಸೆನ್‌ಹೋವರ್ ಮತ್ತು ಸ್ಟೀವನ್‌ಸನ್ ಸ್ಪರ್ಧಿಸಿದ್ದ ಚುನಾವಣೆಯ ಫಲಿತಾಂಶ ಟೆಲಿವಿಷನ್ನಿನಲ್ಲಿ ಬರುವಾಗ ಕಿಕ್ಕೋಮನ್ ತನ್ನ ಜಾಹೀರಾತನ್ನು ಬಿತ್ತರಿಸಿತು. ಮರುವರ್ಷ 1957ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮಾರಾಟದ ಕಂಪನಿಯನ್ನು ತೆರೆದರು.

ಎದುರಾಳಿಗಳೇನೂ ಕಡಿಮೆಯಿರಲಿಲ್ಲ. ಲಾ ಚೋಯ್, ಚುನ್ ಕಿಂಗ್ ಎಂಬ ಅಮೆರಿಕದ ಹೆಸರಾಂತ ಕಂಪನಿಗಳು ರಾಸಾಯನಿಕ ವಿಧಾನದಿಂದ ತಯಾರಾದ ಸೋಯಾ ಸಾಸನ್ನು ಅಗ್ಗವಾಗಿ ಮಾರುತ್ತಿದ್ದವು. ಬೆಲೆಯಲ್ಲಿ ಅವರೊಡನೆ ಸೆಣಸಿ ಗೆಲ್ಲುವುದು ಸಾಧ್ಯವಿಲ್ಲ. ನೋಡಾದವರು ರುಚಿಯ ಮೇಲೆಯೇ ನಿಂತರು. ದೊಡ್ಡ ಅಂಗಡಿಗಳ ಒಳಗೆ ಒಲೆ ಹೂಡಿ, ಮಾಂಸದ ಚೂರುಗಳನ್ನು ಸೋಯಾ ರಸದಲ್ಲಿ ನೆನೆಸಿ ಸುಟ್ಟು, ಬಂದವರಿಗೆಲ್ಲ ರುಚಿ ತೋರಿಸಿದರು. ಕಂಪು ಮೂಗಿಗೆ ಬಡಿದ ಮೇಲೆ ಗಿರಾಕಿಗೆ ವಿವರಣೆ ಬೇಡ. 'ಜಪಾನೀ ಅಡಿಗೆ ಮಾಡಿ' ಎಂದು ಅವರು ಹೇಳಲಿಲ್ಲ. 'ನಿಮ್ಮ ಅಡಿಗೆಗೇ ಇದನ್ನು ಸ್ವಲ್ಪ ಹಾಕಿ' ಎಂದರು. ಅಮೆರಿಕದ ಗೃಹಿಣಿ ದಿನವೂ ಮಾಡುವ ಅಡಿಗೆಗಳಿಗೆ ಹೊಂದುವ ಪಾಕವಿಧಾನಗಳನ್ನು ತಯಾರಿಸಿ ಅಚ್ಚುಹಾಕಿ ಹಂಚಿದರು. ಸರಕಿನ ಗುಣವನ್ನು ಬದಲಿಸದೆ ಅದನ್ನು ಉಪಯೋಗಿಸುವ ರೀತಿಯನ್ನು ಮಾತ್ರ ಆಯಾ ದೇಶಕ್ಕೆ ಹೊಂದಿಸುವುದು, ಇದೇ ಅವರ ಉಪಾಯ.

1961ರಲ್ಲಿ ಇನ್ನೊಂದು ಕೆಲಸವಾಯಿತು. ಅದುವರೆಗೆ ಜಪಾನಿನ ಗೃಹಿಣಿ ಸುಮಾರು ಎರಡು ಲೀಟರಿನ ಭಾರವಾದ ಸೀಸೆಯಿಂದ ಸಣ್ಣ ಪಾತ್ರೆಗೆ ರಸವನ್ನು ಬಗ್ಗಿಸಿಕೊಳ್ಳಬೇಕಾಗಿತ್ತು. ಕೆಂಜಿ ಎಕುಆನ್ ಎಂಬ ವಿನ್ಯಾಸಕಾರರು ಊಟದ ಮೇಜಿನ ಮೇಲೆಯೇ ಇಡಬಹುದಾದ, ಕೆಂಪು ಮುಚ್ಚಳದ, ಕಣ್ಣೀರಿನ ಹನಿಯಾಕಾರದ ಗಾಜಿನ ಕುಡಿಕೆಯನ್ನು ರೂಪಿಸಿದರು. ಸುರಿದ ಮೇಲೆ ಒಂದು ಹನಿಯೂ ಹೊರಗೆ ಇಳಿಯದಂಥ ಮೂತಿ ಸಿದ್ಧವಾಗಲು ಮೂರು ವರ್ಷ ಹಿಡಿಯಿತು. ಆ ಕುಡಿಕೆ ಇಂದಿಗೂ ಲೋಕದ ಎಷ್ಟೋ ಊಟದ ಮನೆಗಳಲ್ಲಿದೆ. ಅಚ್ಚ ಪರದೇಶದ ವಸ್ತುವೊಂದು ಉಪ್ಪು ಮೆಣಸುಗಳ ಪಕ್ಕದಲ್ಲಿ ಮೇಜಿನ ಮೇಲೆ ಕಾಯಂ ಸ್ಥಾನ ಪಡೆದದ್ದು ಇದರಿಂದ.

ಮೋಗಿ ವಂಶದ ಯುಝಾಬುರೋ ಎಂಬ ತರುಣ ಈ ವೇಳೆಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಪಾರ ನಿರ್ವಹಣೆಯನ್ನು ಓದಿ 1961ರಲ್ಲಿ ಪದವಿ ಪಡೆದರು. ಜಪಾನಿನಿಂದ ಹೋಗಿ ಈ ವಿಷಯ ಓದಿದವರು ಆಗ ತೀರ ವಿರಳ. ಅಮೆರಿಕದಲ್ಲಿಯೇ ಕಾರ್ಖಾನೆ ಕಟ್ಟಬೇಕೆಂಬ ವಿಚಾರದ ಹಿಂದೆ ನಿಂತವರು ಇವರು. ಲೆಕ್ಕ ನೋಡಿದರೆ ವಿಷಯ ಸ್ಪಷ್ಟ. ಅಮೆರಿಕದ ಸೋಯಾ ಅವರೆಯೂ ಗೋಧಿಯೂ ಹಡಗಿನಲ್ಲಿ ಜಪಾನಿಗೆ ಬರುತ್ತಿದ್ದವು. ಅಲ್ಲಿ ರಸವಾಗಿ, ಮತ್ತೆ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದವು. ಹೋಗುವಾಗ ಒಂದು ಬಾಡಿಗೆ, ಬರುವಾಗ ಒಂದು ಬಾಡಿಗೆ, ಮೇಲೆ ಸುಂಕ. ಆದರೂ 1965ರ ಸುಮಾರಿಗೆ ಈ ಸಲಹೆ ಬಂದಾಗ ಮಾರಾಟ ಇನ್ನೂ ಸಾಲದೆಂದು ಅದನ್ನು ತಡೆಹಿಡಿದರು. ಮೊದಲು ರಸವನ್ನು ದೊಡ್ಡ ಪ್ರಮಾಣದಲ್ಲಿ ಒಯ್ದು ಕ್ಯಾಲಿಫೋರ್ನಿಯದಲ್ಲಿ ಸೀಸೆಗೆ ತುಂಬಿಸಿ ನೋಡಿದರು. 1969ರಲ್ಲಿ, ಏಷ್ಯದ ಆಹಾರವಸ್ತುಗಳನ್ನು ಅಲ್ಲಿ ಸಗಟಾಗಿ ಮಾರುತ್ತಿದ್ದ ಒಂದು ಸಂಸ್ಥೆಯಲ್ಲಿ ಪಾಲು ಕೊಂಡರು. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, 1971ರಲ್ಲಿ ಕಾರ್ಖಾನೆಗೆ ಒಪ್ಪಿಗೆ ಕೊಟ್ಟರು. ಅದಕ್ಕೆ ಬೇಕಾದ ಹಣ ಕಂಪನಿಯ ಇಡೀ ಪಾವತಿ ಬಂಡವಾಳಕ್ಕಿಂತಲೂ ಹೆಚ್ಚಾಗಿತ್ತು. ಸೋತರೆ ಮುನ್ನೂರು ವರ್ಷದ ಹೆಸರೇ ಅಲುಗಾಡುವಂಥ ಪಂದ್ಯ ಅದು.

ಜಾಗ ಆರಿಸಿದ್ದು ಅಮೆರಿಕದ ನಡುಭಾಗದ ವಿಸ್ಕಾನ್ಸಿನ್ ರಾಜ್ಯದ ವಾಲ್ವರ್ತ್ ಎಂಬ ಹಳ್ಳಿ. ಕಾಳು, ಗೋಧಿ, ಒಳ್ಳೆಯ ನೀರು ಹತ್ತಿರದಲ್ಲಿದ್ದವು. ದೇಶದ ಎರಡೂ ಕಡೆಗೆ ಸರಕು ಕಳುಹಿಸಲು ಅನುಕೂಲವಿತ್ತು. ಆದರೆ ಅಲ್ಲಿಯ ರೈತರು ಒಪ್ಪಲಿಲ್ಲ. ಸಾಗುವಳಿಯ ಭೂಮಿ ಕಾರ್ಖಾನೆಗೆ ಹೋಗುವುದೆಂಬ ಕಳವಳ, ನೀರು ಕೆಡುವುದೆಂಬ ಭಯ, ಪರದೇಶದವರೆಂಬ ಶಂಕೆ. ಇಲ್ಲಿ ಎಂಟು ಮನೆಗಳವರು ವಕೀಲರನ್ನು ಮುಂದೆ ಬಿಟ್ಟು ಸುಮ್ಮನಾಗಲಿಲ್ಲ. ಊರಿನ ಸಭೆ ಸಭೆಗೂ ಹೋಗಿ, ತಮ್ಮದು ಹೊಗೆಯುಗುಳುವ ಕಾರ್ಖಾನೆಯಲ್ಲ, ರೈತನ ಬೆಳೆಯನ್ನು ಕೊಂಡು ಹುದುಗಿಸುವ ಕಸುಬು ಎಂದು ತಾಳ್ಮೆಯಿಂದ ತಿಳಿಹೇಳಿದರು. ಒಪ್ಪಿಗೆ ದೊರೆತ ಮೇಲೆಯೂ ಸ್ಥಳೀಯ ಗುತ್ತಿಗೆದಾರರಿಗೇ ಕೆಲಸ ಕೊಟ್ಟರು. ಕೆಲಸಗಾರರನ್ನು ಬಹುಮಟ್ಟಿಗೆ ಆ ನಾಡಿನಿಂದಲೇ ತೆಗೆದುಕೊಂಡರು. ಜಪಾನಿನಿಂದ ಹೋದ ಕೆಲವು ಮಂದಿ ಒಂದೇ ಕೇರಿಯಲ್ಲಿ ಗುಂಪಾಗಿ ಮನೆ ಮಾಡದೆ ಊರಿನವರ ನಡುವೆ ಬೇರೆ ಬೇರೆಯಾಗಿ ವಾಸಿಸಬೇಕೆಂದು ಕಂಪನಿ ತಿಳಿಸಿತು. 1928ರಲ್ಲಿ ತಮ್ಮ ಊರನ್ನೇ ಎರಡು ಮಾಡಿಕೊಂಡಿದ್ದ ಮನೆತನ, ನಲವತ್ತೈದು ವರ್ಷಗಳ ಮೇಲೆ ಪರರ ಊರಿನಲ್ಲಿ ಕಾಲಿಡುವಾಗ ಇಷ್ಟು ಮುತುವರ್ಜಿ ವಹಿಸಿದ್ದನ್ನು ಗಮನಿಸಬೇಕು.

1973ರ ಜೂನ್ ತಿಂಗಳಲ್ಲಿ ಕಾರ್ಖಾನೆಯ ಪ್ರಾರಂಭೋತ್ಸವವಾಯಿತು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಸರ್ಕಾರ, ತನ್ನಲ್ಲಿ ಬೆಲೆ ಏರಿತೆಂದು, ಸೋಯಾ ಅವರೆಯ ರಫ್ತನ್ನು ತಡೆಯಿತು. ಬಹುಪಾಲು ಕಾಳಿಗೆ ಅಮೆರಿಕವನ್ನೇ ನಂಬಿದ್ದ ಜಪಾನು ತತ್ತರಿಸಿತು. ಆ ವರ್ಷವೇ ಪೆಟ್ರೋಲಿನ ಬೆಲೆಯೂ ಹಲವು ಪಟ್ಟು ಏರಿತು. ಕಾಳು ಬೆಳೆಯುವ ನಾಡಿನಲ್ಲಿಯೇ ಒಂದು ಕಾರ್ಖಾನೆ ಇರುವುದರ ಅರ್ಥ ಆಗ ಎಲ್ಲರಿಗೂ ಮನದಟ್ಟಾಗಿರಬೇಕು. ಆದರೂ ಮೊದಲ ವರ್ಷಗಳು ನಷ್ಟದಲ್ಲಿಯೇ ಕಳೆದವು. ವರ್ಷವಿಡೀ ಪೀಪಾಯಿಯ ಮುಂದೆ ಕಾದು ಅಭ್ಯಾಸವಿದ್ದವರು ಇದನ್ನೂ ಕಾದರು. ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಿದ್ದು ವ್ಯಾಪಾರಕ್ಕೂ ಸಲ್ಲುತ್ತದೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 1980ರ ದಶಕದಲ್ಲಿ ಸಿಂಗಪುರ, 1997ರಲ್ಲಿ ನೆದರ್‌ಲೆಂಡ್ಸ್, 1998ರಲ್ಲಿ ಕ್ಯಾಲಿಫೋರ್ನಿಯದ ಫೋಲ್ಸಮ್, ಹೀಗೆ ಕಾರ್ಖಾನೆಗಳು ಎದ್ದವು. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದರ ಸರಕು ದೊರೆಯುತ್ತದೆ. ಕಂಪನಿಯ ವರಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಜಪಾನಿನ ಹೊರಗಿನಿಂದ ಬರುತ್ತದೆ. 2004ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಎಂಟು ಮನೆಗಳಿಗೆ ಸೇರದವರೊಬ್ಬರು ಮೊದಲ ಸಲ ಅಧ್ಯಕ್ಷರಾದರು. ಅವರ ಬಳಿಕ ಬಂದವರೂ ಹೊರಗಿನವರೇ. 2013ರಲ್ಲಿ ಹೋರಿಕಿರಿ ಮನೆಯವರೊಬ್ಬರು ಆ ಸ್ಥಾನಕ್ಕೆ ಬಂದರು. ಮನೆಯವನೋ ಹೊರಗಿನವನೋ ಎಂಬುದು ಅಲ್ಲಿ ಮೊದಲ ಪ್ರಶ್ನೆಯಾಗಿ ಉಳಿದಿಲ್ಲ.

ನಮ್ಮ ನಾಡಿನ ಮನೆತನಗಳ ಮುಂದೆಯೂ ಇದೇ ಪ್ರಶ್ನೆಗಳು ಬಂದಿವೆ. ಮೈಸೂರಿನಲ್ಲಿ ಎನ್. ರಂಗರಾಯರು 1948ರಲ್ಲಿ ಆರಂಭಿಸಿದ ಊದುಬತ್ತಿಯ ವ್ಯಾಪಾರ ಅವರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಬೆಳೆದು, 'ಸೈಕಲ್' ಗುರುತಿನಿಂದ ಅನೇಕ ದೇಶಗಳನ್ನು ಮುಟ್ಟಿದೆ. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಮಾವಳ್ಳಿ ಟಿಫಿನ್ ರೂಮ್ ಆಗಿ ಹೆಸರಾಯಿತು. ಅದರಿಂದ ಹುಟ್ಟಿದ ಸಿದ್ಧ ಆಹಾರದ ಕಂಪನಿಯನ್ನು ನಾರ್ವೆ ದೇಶದ ಓರ್ಕ್ಲಾ ಎಂಬ ಸಂಸ್ಥೆ 2007ರಲ್ಲಿ ಕೊಂಡಿತು. ಹೋಟೆಲು ಮನೆತನದಲ್ಲಿಯೇ ಉಳಿದು ಸಿಂಗಪುರದಂಥ ಊರುಗಳಿಗೂ ಹೋಯಿತು. ಸ್ವಂತವಾಗಿ ಉಳಿಸಿಕೊಂಡು ಮೆಲ್ಲಗೆ ಬೆಳೆಯುವುದು ಒಂದು ದಾರಿ. ಹೆಚ್ಚಿನ ಬಂಡವಾಳ ಉಳ್ಳವರಿಗೆ ಒಪ್ಪಿಸಿ ಸರಕು ದೂರ ಹೋಗುವಂತೆ ಮಾಡುವುದು ಇನ್ನೊಂದು ದಾರಿ. ಇದು ಸರಿ, ಅದು ತಪ್ಪು ಎಂದು ಹೊರಗಿನವರು ತೀರ್ಪು ಕೊಡುವಂತಿಲ್ಲ. ಮಾರುವುದಾದರೂ ಉಳಿಸಿಕೊಳ್ಳುವುದಾದರೂ ಮನೆಯವರು ಕೂಡಿ ಯೋಚಿಸಿ ನಿಶ್ಚಯಿಸಿದ್ದೇ, ಅಥವಾ ಜಗಳದ ನಡುವೆ ತಾನಾಗಿ ಒದಗಿದ್ದೇ ಎಂಬುದಷ್ಟೇ ನೋಡತಕ್ಕ ವಿಷಯ.

ನೋಡಾದ ಎಂಟು ಮನೆಗಳ ನಿದರ್ಶನದಿಂದ ತಿಳಿಯುವುದಾದರೂ ಏನು? ಪರದೇಶದ ಪೇಟೆಯಲ್ಲಿ ಅವರಿಗೆ ಬಲವಾದದ್ದು ರಕ್ತಸಂಬಂಧವಲ್ಲ. ಆ ಸಂಬಂಧಕ್ಕೆ ಅವರು ಹಾಕಿಕೊಂಡ ಬೇಲಿ. ತಮ್ಮ ಹೆಸರುಗಳನ್ನು ಬಿಟ್ಟು ಒಂದು ಗುರುತಿಗೆ ಒಪ್ಪಿದರು, ತಮ್ಮ ಮಕ್ಕಳಿಗೆ ತಾವೇ ಮಿತಿ ಇಟ್ಟರು, ಪರರ ಊರಿಗೆ ಹೋದಾಗ ಆ ಊರಿನವರಾಗಿ ಬಾಳಲು ಯತ್ನಿಸಿದರು. ಇವು ಯಾವುವೂ ಪರದೇಶದಲ್ಲಿ ಕಲಿಯತಕ್ಕ ವಿದ್ಯೆಗಳಲ್ಲ. ಮನೆಯ ಜಗಲಿಯ ಮೇಲೆ ಅಣ್ಣತಮ್ಮಂದಿರು ಕುಳಿತು, ಹಡಗು ಹತ್ತುವುದಕ್ಕೆ ಬಹಳ ಮುಂಚೆಯೇ, ತೀರ್ಮಾನಿಸಿಕೊಳ್ಳಬೇಕಾದ ಮಾತುಗಳು.